ಸೋರುವ ಹಂದರ

ನಾಗವ್ವ ಕಟ್ಟಿದ ಹಂದರ ಸೋರಂಗಿಲ್ಲ. ಇದು ನಾನ ಹೊಗಳಿಕೊಳ್ಳೂ ಮಾತಲ್ರಿ, ಪುಣೆದಾಗ ಭವಾನಿ ಪೇಠದಿಂದ ಹಿಡಿದು ಹಡಪಸರದ ತನಕ ಯಾರನ್ನರ ಕೇಳ್ರಿ. ಮದಿವಿ ಇರ್ಲಿ, ಮುಂಜಿವಿ ಇರ್ಲಿ, ಗಣಪತಿ ಇರ್ಲಿ, ಮ್ಯಾಲ ಮಳಿ ಧೋ ಅಂತ ಸುರಿದ್ರೂ ಕೆಳಗ ಪಂಕ್ತಿಗೆ ಕೂತವರ ಎಲಿಯೊಳಗ ಒಂದು ಹನಿ ಬೀಳಬಾರದು. ನಮ್ಮ ಮನಿಯವರು ಈರಬಸಪ್ಪನವರಿಗೆ ನಡಾ ಹಿಡಕೊಂಡ ಮ್ಯಾಲ ಅಂಗಡಿ ನನ್ನ ಕೈಗೆ ಬಂತು. "ಹೆಂಗಸು ಬಿದರು ಎತ್ತಿ ಹಂದರ ಹಾಕ್ತಾಳಂತ" ಅಂತ ಕಿಸಿಕಿಸಿ ನಕ್ಕವರು ಭಾಳ ಮಂದಿ. ಆ ನಕ್ಕವರ ಮಕ್ಕಳ ಮದಿವಿಗೂ ನಾನ ಹಂದರ ಹಾಕೀನಿ. ಇರ್ಲಿ, ಅದು ಬ್ಯಾರೆ ಮಾತು.

ಈಗ ಹೇಳಾಕತ್ತಿದ್ದು ಯಹೂದಿ ಸಾಲಿ ಹಂದರದ ಸುದ್ದಿ. ಕ್ಯಾಂಪಿನಾಗ ಅದ ಆ ಸಾಲಿ. ಬೋರ್ಡಿನ ಮ್ಯಾಲ 'ರೂಬೆನ್ ಮೆಮೋರಿಯಲ್ ಡೇ ಸ್ಕೂಲ್' ಅಂತ ಬರದದ, ಆದ್ರ ರಿಕ್ಷಾದವರಿಗೆ ಹಂಗಂದ್ರ ತಿಳಿಯಂಗಿಲ್ಲ, ಯಹೂದಿ ಸಾಲಿ ಅನ್ನಬೇಕು. ಕರಿಕಲ್ಲಿನ ದೊಡ್ಡ ಕಟ್ಟಡ, ಬ್ರಿಟಿಷರ ಕಾಲದ್ದು. ಎತ್ತರದ ಕಮಾನು, ಬಣ್ಣದ ಗಾಜಿನ ಕಿಡಕಿ, ನಡುವ ಕಲ್ಲು ಹಾಸಿದ ಅಂಗಳ, ಅಂಗಳದ ಒಂದು ಬಾಜೂಕ ದೊಡ್ಡ ಆಲದ ಮರ. ಸರ್ಕಾರದವರು ಇದನ್ನೆಲ್ಲಾ ಹೆರಿಟೇಜ್ ಅಂತ ಮಾಡಿಬಿಟ್ಟಾರ. ಹೆರಿಟೇಜ್ ಅಂದ್ರ ಏನು? ಮೊಳಿ ಹೊಡಿಯಂಗಿಲ್ಲ. ಕುಣಿ ತೋಡಂಗಿಲ್ಲ. ಕಂಬಕ್ಕ ಹಗ್ಗ ಬಿಗಿಯಂಗಿಲ್ಲ. ನಮ್ಮಂಥ ಹಂದರದವರಿಗೆ ಅದು ಕೈ ಕಟ್ಟಿ ಹಾಕಿ ಈಸು ಅಂದಂಗ.

ಗಣಪತಿ ಹಬ್ಬದ ಗದ್ದಲ ಮುಗದು ನಾ ಅಂಗಡ್ಯಾಗ ಹಗ್ಗ ಸುತ್ಕೋತ ಕೂತಿದ್ದೆ. ಆ ಸಾಲಿ ಹೆಡ್ ಮೇಡಂ ಪೆನಿನಾಬಾಯಿ ದಿವೇಕರ ಬಂದ್ರು. ಬಿಳಿ ಕೂದಲ, ಇಸ್ತ್ರಿ ಮಾಡಿದ ಕಾಟನ್ ಸೀರಿ, ಮೂಗಿನ ತುದಿಗೆ ಚಾಳೀಸು. ಮಾತು ಪೂರಾ ಮರಾಠಿ, ನಿಮಗಾಗಿ ನಾ ಕನ್ನಡದಾಗ ಹೇಳ್ತೀನಿ.

"ನಾಗೂಬಾಯಿ, ನಮಗೊಂದು ಗುಡಿಸಲ ಕಟ್ಟಿಕೊಡಬೇಕು."

"ಗುಡಿಸಲ? ಇಷ್ಟು ದೊಡ್ಡ ಕಟ್ಟಡ ಇಟ್ಕೊಂಡು ಗುಡಿಸಲ ಯಾಕ್ರೀ ಬಾಯಿ?"

ಅವರು ನಕ್ಕರು. ನಕ್ಕು ಕುರ್ಚಿ ಎಳಕೊಂಡು ಕೂತು ಹೇಳಿದ್ರು. ಅವರ ಹಿರ್ಯಾರು ಒಂದು ಕಾಲದಾಗ ಪರದೇಶದ ರಾಜನ ಕೈಯಾಗ ಜೀತಕ್ಕಿದ್ರಂತ. ಅಲ್ಲಿಂದ ಬಿಡಿಸಿಕೊಂಡು ಬಂದು ಮರಳುಗಾಡಿನಾಗ ವರ್ಷಾನುಗಟ್ಟಲೆ ತಿರಗ್ಯಾಡಿದ್ರಂತ, ಗುಡಿಸಲದಾಗ ಇದ್ದು. ಅದರ ನೆನಪಿಗೆ ವರ್ಷಾ ಒಂದು ವಾರ ಮನಿ ಬಿಟ್ಟು, ಎಲಿ ಹೊಚ್ಚಿದ ಗುಡಿಸಲದಾಗ ಕೂತು ಊಟಾ ಮಾಡಬೇಕು. ಆ ಗುಡಿಸಲಕ್ಕ ಸುಕ್ಕಾ ಅಂತಾರ.

"ಮದ್ಲ ಸಾಲಿ ಅಂಗಳದಾಗ ಪ್ರತಿ ವರ್ಷ ಕಟ್ತಿದ್ವಿ," ಅಂದ್ರು ಬಾಯಿ. "ಒಬ್ಬ ಗುತ್ತಿಗೆದಾರ ಹಾಸಗಲ್ಲಿಗೆ ಕಬ್ಬಿಣದ ಗೂಟ ಬಡದು ಕಲ್ಲು ಸೀಳಿಬಿಟ್ಟ. ಅವತ್ತಿನಿಂದ ಪರವಾನಗಿ ಬಂದ್. ನಮ್ಮ ಹುಡುಗೂರು ಸುಕ್ಕಾನ ಬರೇ ಚಿತ್ರದಾಗ ನೋಡ್ಯಾವ. ಒಂದು ನಿಗಡಿಯಿಂದ ಬರ್ತದ, ಒಂದು ಹಡಪಸರದಿಂದ. ಎಲ್ಲಾ ಫ್ಲ್ಯಾಟಿನಾಗ ಇರೂವು, ಗಚ್ಚಿ ಮ್ಯಾಲ ಕಟ್ಟಾಕ ಸೊಸೈಟಿಯವರು ಬಿಡಂಗಿಲ್ಲ. ಓಡಾಡಿ ಓಡಾಡಿ ಈ ವರ್ಷ ಪರವಾನಗಿ ತಂದೀನಿ. ಮಾರ್ಚಿಗೆ ನನ್ನ ರಿಟೈರ್‌ಮೆಂಟ್. ಹೋಗೂದ್ರೊಳಗ ಒಂದ್ಸಲ ಈ ಹುಡುಗೂರು ಸುಕ್ಕಾದಾಗ ಕೂತು ಉಂಡಿದ್ದನ್ನ ನೋಡಬೇಕು ನಾಗೂಬಾಯಿ. ಮತ್ತ ಏನೂ ಬ್ಯಾಡ ನನಗ."

ಅವರ ಕಣ್ಣಾಗ ನೀರಿತ್ತು. ನನಗ ಸಿಟ್ಟು ಎಷ್ಟು ಲಗೂ ಬರ್ತದೋ ಕರುಳು ಚುರ್ ಅನ್ನೂದೂ ಅಷ್ಟ ಲಗೂ. "ನಿಮ್ಮ ಸುಕ್ಕಾ ನನ್ನ ಜವಾಬ್ದಾರಿ, ನೀವು ಆರಾಮ ಇರ್ರಿ" ಅಂದೆ.

"ಮ್ಯಾಲ ಬರೇ ಎಲಿ, ಟೊಂಗಿ ಹಾಕಬೇಕು, ಹಾಂ?"

"ಹಾಕ್ತೀನ್ರಿ ಬಾಯಿ. ಎಲಿ ಹಾಕಾಕ ನನಗ ಕಲಿಸಬೇಕೇನು?"

ಹಬ್ಬ ಸೋಮವಾರ ಹೊತ್ತು ಮುಳುಗಿದ ಕೂಡ್ಲೆ ಸುರು. "ಹಂಗಾರ ಶನಿವಾರ ಕಟ್ತೀನಿ" ಅಂದೆ.

"ಶನಿವಾರ ನಮ್ಮಲ್ಲಿ ಕೆಲಸಾ ಮಾಡಂಗಿಲ್ಲ, ಮಾಡಸಂಗೂ ಇಲ್ಲ. ಸೋಮವಾರ ಮುಂಜಾನೆ ಆಗ್ತದೇನು?"

"ಸೋಮವಾರ ನಮ್ಮಲ್ಲಿ ಮಾಡಂಗಿಲ್ಲ."

ಇಬ್ರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ನಮ್ಮದು ವಿಜಾಪುರ ಕಡೆ ಗಾಣಿಗೇರ ಮನಿತನ. ಅಜ್ಜನ ಕಾಲಕ್ಕ ಗಾಣ ಇತ್ತು. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಗಾಣ ಹೋತು, ಎತ್ತು ಹೋದವು, ಪುಣೆಕ್ಕ ಬಂದು ಹಂದರದ ಅಂಗಡಿ ಹಾಕಿದ್ವಿ, ಆದ್ರ ಸೋಮವಾರದ ಸೂಟಿ ಮಾತ್ರ ಹಂಗ ಉಳಕೊಂಡದ. ನಾ ಇದನ್ನ ಹೇಳಿದ್ದ ತಡಾ, ಬಾಯಿ ಕುರ್ಚಿಯಿಂದ ಎದ್ದ ನಿಂತ್ರು.

"ಅಗ ನಾಗೂಬಾಯಿ, ನಾವೂ ಎಣ್ಣಿ ತಗಿಯೂ ಮಂದಿನ! ಕೊಂಕಣದಾಗ ನಮ್ಮ ಹಿರ್ಯಾರಿಗೆ ಶನವಾರ ತೇಲಿ ಅಂತಿದ್ರು. ಶನಿವಾರ ಗಾಣ ನಿಲ್ಲಸ್ತಿದ್ರಲ್ಲ, ಅದಕ್ಕ!"

ಹಿಂಗ ನಮ್ಮದು ಬೀಗರಾದವರ ಗತೆ ಆತು. ಶನಿವಾರ ಅವರದು, ಸೋಮವಾರ ನಮ್ಮದು, ಉಳಿದದ್ದು ನಡುವಿನ ಐತವಾರ.

ಐತವಾರ ಮುಂಜಾನೆ ನಮ್ಮ ಏಕನಾಥನ್ನ, ಉಳಿದ ಆಳುಗೋಳನ್ನ ಕರಕೊಂಡು ಹೋದೆ. ಏಕನಾಥ ನನ್ನ ಹಳೇ ಕೆಲಸದಾಂವ, ಕೆಲಸದಾಗ ಹುಲಿ, ಮಾತಿನಾಗ ಮೂಗಬಸವ. ಕುಣಿ ತೋಡಂಗಿಲ್ಲಲ್ಲ, ಅದಕ್ಕ ಎಣ್ಣಿ ಡಬ್ಬಿಯೊಳಗ ಉಸುಕು ತುಂಬಿ ಅದರಾಗ ಬಿದರಿನ ಕಂಬ ನಿಲ್ಲಿಸಿದ್ವಿ. ಡಬ್ಬಿ ಕೆಳಗ ಗೋಣಿ ಚೀಲ ಹಾಸಿದ್ವಿ, ಕಲ್ಲಿಗೆ ಗೀರು ಬೀಳಬಾರದಂತ. ಪರವಾನಗಿ ನಕಾಶದಾಗ ಅಂಗಳದ ನಟ್ಟನಡುವ ಕಟ್ರಿ ಅಂತಿತ್ತು. ಅಲ್ಲಿ ನಿಂತು ನೋಡಿದೆ. ಬಿಸಲಂದ್ರ ಬಿಸಲು, ತಲಿ ಸುಡತಿತ್ತು. ಹುಡುಗೂರು ಇಲ್ಲಿ ಹೆಂಗ ಕೂಡಬೇಕ್ರೀ? ಅತ್ತಾಗ ಆಲದ ಮರದ ಕೆಳಗ ತಂಪಂದ್ರ ತಂಪು. "ಏಕನಾಥ, ಆ ಕಡೆ ಸರಸು" ಅಂದೆ. ಸರಸಿದ.

ಅಷ್ಟರಾಗ ಮಧ್ಯಾಹ್ನಕ್ಕ ಒಂದು ಜೋರು ಮಳಿ ಬಂದು ಹೋತು. ನಾ ಏನು ನಿನ್ನಿ ಮೊನ್ನಿ ಹುಟ್ಟಿದಾಕಿ ಅಲ್ಲ. ಬಾಯಿ ಎಲಿ ಹಾಕ್ರಿ ಅಂದಾರ, ಹೌದು. ಎಲಿ ಅಂದ್ರ ಶೋಭಾಕ್ಕ. ಎಲಿ ನಂಬಿ ಯಾರರ ಮಳಿಗಾಲದ ತುದಿಗೆ ಊಟಕ್ಕ ಕೂಡಸ್ತಾರೇನು? ಬಿದರಿನ ಮ್ಯಾಲ ಮದ್ಲ ದಪ್ಪನ್ನ ತಾಡಪತ್ರಿ ಬಿಗಿಸಿದೆ. ಅದರ ಮ್ಯಾಲ ತೆಂಗಿನ ಗರಿ, ಕಬ್ಬಿನ ಸ್ವಾಗಿ ಸಾಲಾಗಿ ಹೊಂದಿಸಿದೆ, ಹೊರಗಿಂದ ನೋಡಿದ್ರ ಪ್ಲಾಸ್ಟಿಕ್ಕಿನ ಒಂದು ಎಳಿ ಕಾಣಬಾರದು ಹಂಗ. ಒಳಗ ತಾಡಪತ್ರಿ ಹೊಲಸು ಕಾಣ್ತದಂತ ಬಿಳಿ ಬಟ್ಟಿ ಝಾಲರಿ ಇಟ್ಟು ಛತ್ತು ಕಟ್ಟಿಸಿದೆ. ಮೂರೂ ಕಡೆ ಪಡದೆ. ಯವ್ವಾ, ಏನು ಚಂದ ಕಂಡಿತ್ರೀ! ಏಕನಾಥ ಕೊಡ ತುಂಬಾ ನೀರು ತಂದು ಮ್ಯಾಲ ಸುರುವಿದ. ಒಳಗ ನಿಂತ ನನ್ನ ತಲಿ ಮ್ಯಾಲ ಒಂದು ಹನಿ ಬೀಳಲಿಲ್ಲ. ಅವತ್ತ ಸಂಜಿಗೆ ಆಳುಗೋಳೆಲ್ಲಾ ಹುಣ್ಣಿಮಿಗಂತ ತಮ್ಮ ತಮ್ಮ ಊರಿಗೆ ಹೋದ್ರು.

ಸೋಮವಾರ ನಾ ಸಾಲಿಗೆ ಹೋದದ್ದು ಕೆಲಸಕ್ಕಲ್ಲ, ಹೊಗಳಿಸಿಕೊಳ್ಳಾಕ. ಇಳಕಲ್ ಸೀರಿ ಉಟ್ಟು, ಮಧ್ಯಾಹ್ನ ಊಟಾ ಮುಗಿಸಿ ಹೋದೆ. ಬಾಯಿ ನಿನ್ನಿಯಿಂದ ಹಬ್ಬದ ಸಾಮಾನಿಗೆ ಹೊರಗ ಓಡಾಡಿ ಆಗಷ್ಟ ಅಂಗಳಕ್ಕ ಬಂದಿದ್ರು. ಹೊರಗಿಂದ ಎಲಿ ನೋಡಿ ಎರಡೂ ಕೈ ಜೋಡಿಸಿ "ವಾ!" ಅಂದ್ರು. ನಾ ಉಬ್ಬಿ ಹೋದೆ. ಒಳಗ ಹೋದ್ರು. ಕತ್ತೆತ್ತಿ ಮ್ಯಾಲ ನೋಡಿದ್ರು. ಬಿಳಿ ಛತ್ತು. ಮೂಲ್ಯಾಗ ಬಟ್ಟಿ ಸರಿಸಿ ನೋಡಿದ್ರು. ತಾಡಪತ್ರಿ. ಹೊರಗ ಬಂದು ಆಲದ ಮರ ನೋಡಿದ್ರು. ಅವರ ಮಾರಿ ಇಷ್ಟ ಇಷ್ಟ ಸಣ್ಣದಾತು.

"ನಾಗೂಬಾಯಿ, ಇದು ಸುಕ್ಕಾ ಆಗಂಗಿಲ್ಲ."

"ಯಾಕ್ರೀ? ಏನ್ ಕಡಿಮ್ಯಾಗ್ಯದ?"

"ಕಡಿಮಿ ಅಲ್ಲ, ಹೆಚ್ಚಾಗ್ಯದ. ಎಲಿ ಸಂದಿನಿಂದ ಆಕಾಶ ಕಾಣಬೇಕು, ರಾತ್ರಿ ಚುಕ್ಕಿ ಕಾಣಬೇಕು. ಮ್ಯಾಲ ಮರ ಸೈತ ಇರಬಾರದು, ಬರೇ ಕಡದ ಎಲಿ ಇರಬೇಕು. ಇದರಾಗ ಕೂತು ಉಂಡ್ರ ಹಬ್ಬ ಮಾಡಿದಂಗ ಆಗಂಗಿಲ್ಲ."

"ಮಳಿ ಬಂದ್ರ?"

"ಬಂದ್ರ ಬರ್ತದ."

"ಅಂದ್ರ ಸೋರಬೇಕೇನು?"

"ಹೂಂ, ಸೋರಬೇಕು."

ಸಿಟ್ಟು ನೆತ್ತಿಗೇರಿತು ನೋಡ್ರಿ. "ಸೋರೂ ಹಂದರ ಕಟ್ಟಾಕ ನಾಗವ್ವನ ಯಾಕ ಬೇಕಿತ್ರೀ? ರಸ್ತಾದಾಗ ಹೋಗೂ ಯಾವನರ ಕಟ್ತಿದ್ದ! ಹುಡುಗೂರಿಗೆ ಬಿಸಲು ಹತ್ತಬಾರದು, ನೀರು ಬೀಳಬಾರದು ಅಂತ ಜೀವಾ ತೇದೀನಿ, ಅದ ತಪ್ಪಾತೇನು?" ಅಂತ ಬಾಯಿಗೆ ಬಂದಂಗ ಒದರಿದೆ. ಸಿಟ್ಟಿನಾಗ ನನಗ ಮರಾಠಿ ಬರಂಗಿಲ್ಲ, ಎಲ್ಲಾ ಕನ್ನಡದಾಗ ಹೋತು. ಪರವಾನಗಿ ತರಾಕ ಓಡಾಡಿದ ಹೆಣ್ಣಮಗಳು ಕಲ್ಲಿನ ಮೆಟ್ಟಿಲ ಮ್ಯಾಲ ಕೂತುಬಿಟ್ರು. ಹೊತ್ತು ಮುಳುಗಾಕ ಇನ್ನ ಅರ್ಧಾ ಹಗಲೂ ಉಳಿದಿದ್ದಿಲ್ಲ. ನನ್ನ ಆಳುಗೋಳು ಊರಾಗ. ಮ್ಯಾಲ ಸೋಮವಾರ ಬ್ಯಾರೆ.

ನಾ ದರಾದರಾ ಗೇಟಿನ ತನಕ ನಡದೆ. ಆಗ ಫೋನ್ ಬಡಕೊಂತು. ನಮ್ಮ ಮನಿಯವರು.

"ಬರೂ ಮುಂದ ಹಾಲು ತೊಗೊಂಡ ಬಾ. ಇವತ್ತ ಕೋಜಾಗಿರಿ ಅಲ್ಲ? ಕೇಸರಿ, ಬದಾಮಿ ಮನ್ಯಾಗ ಅದ. ಮಾಡ ಹಿಡದದ ನೋಡು, ಚಂದ್ರ ಕಾಣ್ತಾನೋ ಇಲ್ಲೋ."

ಶೀಗಿ ಹುಣ್ಣಿಮಿಗೆ ಪುಣೆದಾಗ ಕೋಜಾಗಿರಿ ಅಂತಾರ. ಇಲ್ಲಿಗೆ ಬಂದಾಗಿನಿಂದ ನಾವೂ ಮಾಡ್ತೀವಿ. ಹಾಲು ಕಾಸಿ, ಗಚ್ಚಿ ಮ್ಯಾಲ ಬಯಲಾಗ ಇಟ್ಟು, ಹಾಲಿನಾಗ ಚಂದ್ರನ ಬೆಳಕು ಬಿದ್ದ ಮ್ಯಾಲನ ಕುಡಿಯೂದು. ಬೆಳಕು ಬೀಳಲಿಲ್ಲಂದ್ರ ಅದು ಬರೇ ಹಾಲು.

ನಾ ಗೇಟಿನಾಗ ನಿಂತಾಕಿ ನಿಂತಂಗ ನಿಂತೆ. ಕೋಜಾಗಿರಿ ಹಾಲಿಗೆ ಯಾರರ ತಾಡಪತ್ರಿ ಹೊಚ್ಚತಾರೇನು? ಹಾಲಿನಾಗ ಹುಳಾ ಬೀಳ್ತದ, ಇಬ್ಬನಿ ಬೀಳ್ತದ ಅಂತ ಒಳಗ ಇಡ್ತಾರೇನು? ಅಯ್ಯ ನನ್ನ ಬುದ್ಧಿಗಿಷ್ಟು! ಬಾಯಿ ಎಷ್ಟು ಸರಳ ಹೇಳಿದ್ರು, ನಾ ಎಷ್ಟು ಒದರಿದೆ. ನಾಚಿಕಿಗೆ ಕಿವಿ ಬಿಸಿ ಆದವು.

"ಕೇಳಸಾಕತ್ತದೇನು?" ಅಂತ ಅತ್ತಾಗಿಂದ ಅವರು.

"ರೀ, ಇವತ್ತ ಕೆಲಸಾ ಮಾಡ್ಲಿಕ್ಕೇ ಬೇಕಾಗ್ಯದ. ಸೋಮವಾರ ಅದ, ಏನ್ ಮಾಡ್ಲಿ?" ಅಂತ ಎಲ್ಲಾ ಒಂದ ಉಸುರಿಗೆ ಹೇಳಿದೆ.

ಅವರು ಅಂದ್ರು, "ಸೋಮವಾರ ಸೂಟಿ ಇರೂದು ಎತ್ತಿಗೆ. ನೀ ಎತ್ತೇನು? ಮಾಡು ಹೋಗು. ಹಾಲು ನಾನ ತರ್ತೀನಿ."

ತಿರುಗಿ ಅಂಗಳಕ್ಕ ಓಡಿದೆ. ಸೀರಿ ಸೆರಗು ನಡಕ್ಕ ಬಿಗದೆ. "ಬಾಯಿ, ಏಳ್ರಿ. ನಾಗವ್ವ ಒದರಿದ್ದು ಮರತುಬಿಡ್ರಿ, ತಪ್ಪು ನಂದ. ಹೊತ್ತು ಮುಳುಗೂದ್ರೊಳಗ ನಿಮ್ಮ ಸುಕ್ಕಾ ಬಯಲಾಗ ನಿಂದರ್ತದ. ನನಗ ಕೈ ಬೇಕು, ಸಾಲ್ಯಾಗ ಎಷ್ಟು ಕೈ ಅವ ಅಷ್ಟೂ ಕರೀರಿ."

ಬಾಯಿ ಸಾಲಿ ಘಂಟಿ ಬಾರಿಸಿಬಿಟ್ರು. ಕ್ಲಾಸು ಬಿಟ್ಟು ಎಲ್ಲಾರೂ ಬಂದ್ರು, ಮಾಸ್ತರ್ರು, ಬಾಯೇರು, ಅಡಗಿಯವರು, ವಾಚಮನ್, ಹಬ್ಬಕ್ಕಂತ ಮದ್ಲ ಬಂದು ಕೂತ ಅವ್ವ ಅಪ್ಪಗೋಳು. ಹಿಂದು, ಮುಸಲ್ಮಾನ, ಪಾರ್ಸಿ, ಯಹೂದಿ, ಯಾವ ಹುಡುಗ ಯಾವಾಂವ ಅಂತ ನನಗೇನು ಗೊತ್ತು? ಎಲ್ಲಾರಿಗೂ ಒಂದ ಯುನಿಫಾರ್ಮ. ಮದ್ಲ ಎಲಿ ಇಳಿಸಿದ್ವಿ. ಛತ್ತು ಕಿತ್ತೆ. ತಾಡಪತ್ರಿ ಬಿಚ್ಚಿ ಮಡಚಿ ಮೂಲಿಗೆ ಒಗದೆ. ನಿನ್ನಿ ಅಷ್ಟು ಜೀವಾ ಇಟ್ಟು ಬಿಗದ ಗಂಟು, ನನ್ನ ಕೈಯಿಂದನ ಒಂದೊಂದಾಗಿ ಬಿಚ್ಚಿದೆ.

ಅಷ್ಟರಾಗ ಹೆರಿಟೇಜ್ ಕಮಿಟಿಯಿಂದ ಸುಹಾಸ ಅನ್ನೂ ಹುಡುಗ ಬಂದ, ತಪಾಸ ಮಾಡಾಕ. ಕೊಳ್ಳಾಗ ಐಡಿ ಕಾರ್ಡು, ಕೈಯಾಗ ನಕಾಶ. "ಪ್ಲ್ಯಾನಿನಾಗ ನಡುವ ಅದ, ಇದು ಮರದ ಕೆಳಗ ಯಾಕದ? ನಾ ಸಹಿ ಮಾಡಂಗಿಲ್ಲ" ಅಂದ.

"ಅದನ್ನ ಸರಸಾಕತ್ತೀವಿ ತಮ್ಮಾ."

"ಕಲ್ಲಿನ ಮ್ಯಾಲ ಎಳದ್ರ ಗೀರು ಬೀಳ್ತದ. ಎಳಿಯಂಗಿಲ್ಲ."

"ಎಳಿಯೂದಿಲ್ಲ, ಎತ್ತೂದು" ಅಂದೆ. "ನೀನೂ ಬಾ, ಆ ಮೂಲಿ ಕಂಬ ಹಿಡಿ."

ಅಂವ ಆಕಡೆ ಈಕಡೆ ನೋಡಿದ, ನಕಾಶ ಮಡಚಿ ಕಿಸೆದಾಗ ಇಟ್ಟು ಕಂಬ ಹಿಡದ. ಡಬ್ಬಿಯೊಳಗಿನ ಉಸುಕು ಹುಡುಗೂರು ಬೊಗಸಿಲೆ ತಗದು ಬಕೀಟಿಗೆ ತುಂಬಿದ್ರು. ಕಂಬ ಒಂದೊಂದಕ್ಕ ಇಬ್ಬಿಬ್ರು ನಿಂತ್ರು. ನಮ್ಮ ಮನಿಯವರು ಆಗ ಬಂದ್ರು, ನಡಕ್ಕ ಬೆಲ್ಟು, ಕೈಯಾಗ ಹಾಲಿನ ಕ್ಯಾನು. ಎತ್ತಾಕಂತೂ ಆಗಂಗಿಲ್ಲ ಅವರಿಗೆ, ಮೆಟ್ಟಿಲ ಮ್ಯಾಲ ನಿಂತು ಒದರಾಕ ಸುರು ಮಾಡಿದ್ರು, ಅದೂ ಕನ್ನಡದಾಗ. "ಎತ್ರಿ! ಎಡಕ್ಕ! ಏ, ಹಿಂದಿನಾಂವ, ತಗ್ಗಸಬ್ಯಾಡ! ನಿಧಾನ, ನಿಧಾನ!" ಯಾರಿಗೂ ಕನ್ನಡ ಬರಂಗಿಲ್ಲ, ಆದ್ರ ಎಲ್ಲಾರೂ ಕೇಳಿದ್ರು. ಗುಡಿಸಲ ನೆಲಾ ಬಿಟ್ಟು ಎದ್ದು, ಪಲ್ಲಕ್ಕಿಯಂಗ ಅಲ್ಲಾಡಕೋತ ಅಂಗಳದ ನಡುವಿಗೆ ನಡೀತು. ಹುಡುಗೂರು ಹಿಂದ ಮುಂದ ಚಪ್ಪಾಳಿ ಹೊಡಕೋತ. ಬಾಯಿ ತಾವು ಹಿಡದ ಕಂಬ ಬಿಡಲಿಲ್ಲ, ಚಾಳೀಸು ಜಾರಿ ಎದಿ ಮ್ಯಾಲ ಜೋತಾಡತಿತ್ತು.

ನಡುವ ಇಟ್ವಿ. ಮತ್ತ ಉಸುಕು ತುಂಬಿದ್ವಿ. ಸುಹಾಸ ಮಣಕಾಲೂರಿ ಕೂತು ಕಲ್ಲೆಲ್ಲಾ ಸವರಿ ನೋಡಿದ. ಒಂದು ಗೀರು ಇಲ್ಲ. ಸಹಿ ಮಾಡಿದ, ಶರ್ಟಿನ ಬೆವರು ಒರಸಿಕೋತ.

"ಎಲಿ ಕಡೀಕ ಹಾಕೂದು, ಹುಡುಗೂರ ಕೈಲೆ" ಅಂದ್ರು ಬಾಯಿ. ಹುಡುಗೂರು ಏಣಿ ಹತ್ತಿ ಒಂದೊಂದ ಗರಿ ಇಟ್ಟುವು. ಅಡ್ಡಾತಿಡ್ಡಾ, ಒಂದು ಕಡೆ ಗುಡ್ಡೆ, ಒಂದು ಕಡೆ ಬೋಳು. ನನ್ನ ಕೈ ಕಡೀತಿತ್ತು, ನೆಟ್ಟಗ ಮಾಡ್ಲಿ ಅಂತ. ಕೈ ಹಿಂದಕ್ಕ ಕಟ್ಕೊಂಡು ನಿಂತೆ. ಆಮ್ಯಾಲ ದಾಳಿಂಬ್ರಿ, ಸೀತಾಫಲ, ಮೋಸಂಬಿ ದಾರಕ್ಕ ಪೋಣಿಸಿ ಇಳಿಬಿಟ್ಟುವು. ಹೊತ್ತು ಮುಳುಗೂದಕ್ಕೂ ಮೇಜಿನ ಮ್ಯಾಲ ಎಲಿ ಹಾಸೂದಕ್ಕೂ ಸರಿ ಹೋತು.

ಬಾಯಿ ಪ್ರಾರ್ಥನಿ ಹೇಳಿದ್ರು, ಹುಡುಗೂರು ಹಿಂದ ಹೇಳಿದುವು. ನನಗ ತಿಳೀಲಿಲ್ಲ, ಆದ್ರ ಕೈ ತಾನ ಮುಗೀತು. ಅವರಲ್ಲಿ ಮಾಂಸದ ಊಟದ ಜೋಡಿ ಹಾಲು ನಡಿಯಂಗಿಲ್ಲ. ಅವತ್ತ ಎಲ್ಲಾರಿಗೂ ಸೇರಬೇಕಂತ ಬಾಯಿ ಮಾಂಸ ಇಲ್ಲದ ಅಡಗಿನ ಮಾಡಿಸಿದ್ರು, ನಮ್ಮ ಪುಣ್ಯಾ. ನಮ್ಮ ಮನಿಯವರು ತಂದ ಹಾಲನ್ನ ಸಾಲಿ ಪಾತ್ರೆದಾಗ, ಸಾಲಿ ಒಲಿ ಮ್ಯಾಲ, ಹೊತ್ತು ಮುಳುಗೂದ್ರೊಳಗ ಕಾಸಿ ಇಟ್ಟಿದ್ರು. ಎಲ್ಲಾರೂ ಇಕ್ಕಟ್ಟಿನಾಗ ಕೂತು ಉಂಡ್ರು. ನಿಗಡಿ ಹುಡುಗಿ ಒಂದು ಪೂರಿ ಹಿಡಕೊಂಡು ಮ್ಯಾಲ ನೋಡಿ "ಬಾಯಿ, ಚಾಂದೋಬಾ!" ಅಂತ ಕಿರಚಿತು.

ಸಾಲಿ ಕಟ್ಟಡದ ಹಿಂದಿನಿಂದ ಚಂದ್ರ ಮ್ಯಾಲ ಬಂದಿದ್ದ. ಎಲಿ ಸಂದಿನಿಂದ ಬೆಳದಿಂಗಳು ಸೋಸಿ ಮೇಜಿನ ಮ್ಯಾಲ, ಹುಡುಗೂರ ತಲಿ ಮ್ಯಾಲ, ಹಾಲಿನ ಗ್ಲಾಸಿನಾಗ ಬಿದ್ದಿತ್ತು. ಪೆನಿನಾಬಾಯಿ ಉಣಲಿಲ್ಲ, ಬರೇ ನೋಡಿದ್ರು. ಒಂದೊಂದ ಹುಡುಗನ ಮಾರಿ ನೋಡಿದ್ರು. ಕಣ್ಣೀರು ಒರಸಿಕೊಳ್ಳಲೂ ಇಲ್ಲ. "ನನಗ ಇಷ್ಟ ಬೇಕಾಗಿತ್ತು ನಾಗೂಬಾಯಿ" ಅಂದ್ರು. ನನಗೂ ಅಳು ಬಂತು. ಖುಷಿಗೆ ಬರೂ ಅಳು, ಅದಕ್ಕ ಯಾಕ ನಾಚಬೇಕು?

ಅಂಗಡ್ಯಾಗ ಗಿರಾಕಿಗೆ ತೋರಸಾಕ ಆ ಹಂದರದ ಫೋಟೋ ಇಲ್ಲ. ಹಬ್ಬ ಸುರು ಆದ ಮ್ಯಾಲ ಅವರಲ್ಲಿ ಫೋಟೋ ತಗಿಯಂಗಿಲ್ಲ. ಹೋಗ್ಲಿ ಬಿಡ್ರಿ.

ಹಾಲು ಕುಡಿಯೂ ಹೊತ್ತಿಗೆ ಒಂದು ಸಣ್ಣ ಮಾಡ ಹಾದು ಬಂತು. ಟಪ್ ಅಂತು ಒಂದು ಹನಿ. ಸೀದಾ ನನ್ನ ಮೂಗಿನ ಮ್ಯಾಲ. ಮತ್ತೊಂದು, ನಮ್ಮ ಮನಿಯವರ ಬೋಳು ತಲಿ ಮ್ಯಾಲ. ಹುಡುಗೂರು ಹೋ ಅಂತ ನಕ್ಕುವು. ಬಾಯಿ ನನ್ನ ಕಡೆ ನೋಡಿದ್ರು, ಸಿಟ್ಟಿಗೇಳ್ತಾಳೋ ಏನೋ ಅಂತ.

"ನಾಗೂಬಾಯಿ, ಸೋರಾಕತ್ತದ."

ನಾ ಗ್ಲಾಸು ಕೆಳಗಿಡಲಿಲ್ಲ. ಕೈ ಅಡ್ಡಾನೂ ಹಿಡೀಲಿಲ್ಲ.

"ಸೋರ್ಲಿ ಬಿಡ್ರಿ ಬಾಯಿ," ಅಂದೆ. "ನಾಗವ್ವ ಕಟ್ಟಿದ ಹಂದರ ಅದು, ಛಲೋ ಸೋರ್ತದ."